ಹುಬ್ಬುಗಂಟೂ ಹಣೆಯ ಗೆರೆಯೂ: ಚುಚ್ಚುಮದ್ದು ಫಲಿಸದಿರುವುದಕ್ಕೆ ಕಾರಣಗಳು

ಅಸಮಾಧಾನವಾದಾಗ, ಬಿಸಿಲು ಕಣ್ಣಿಗೆ ಹೊಡೆದಾಗ, ಇಲ್ಲವೆ ಏನನ್ನಾದರೂ ಏಕಾಗ್ರತೆಯಿಂದ ನೋಡುವಾಗ ಎರಡು ಹುಬ್ಬುಗಳ ನಡುವಣ ಚರ್ಮ ಮುದುಡಿಕೊಳ್ಳುವುದನ್ನು ನಾವು ‘ಹುಬ್ಬುಗಂಟಿಕ್ಕುವುದು’ ಎನ್ನುತ್ತೇವೆ. ಬೆಳಗಾವಿ ನಗರದಲ್ಲಿಯೂ ಖಾನಾಪುರದ ಕಡೆಯಲ್ಲಿಯೂ ಕನ್ನಡದೊಡನೆ ಮರಾಠಿಯೂ ಬಳಕೆಯಲ್ಲಿರುವುದರಿಂದ, ಇದೇ ಮುಖಭಾವವನ್ನು ಕುರಿತು ಹಣೆಯ ಮೇಲೆ ‘ಆಠ್ಯಾ’ ಬಿದ್ದವು ಎಂಬ ಮಾತೂ ಅಲ್ಲಿ ಕಿವಿಗೆ ಬೀಳುತ್ತದೆ. ಕನ್ನಡದ ಮಾತು ಗಂಟನ್ನು ಹೆಸರಿಸುತ್ತದೆ. ಮರಾಠಿಯ ಮಾತು ಆ ಗಂಟಿನಿಂದ ಚರ್ಮದಲ್ಲಿ ಮೂಡಿದ ಮಡಿಕೆಗಳನ್ನು ಹೆಸರಿಸುತ್ತದೆ. ಗಂಟು ಬೇರೆ, ಗೆರೆ ಬೇರೆ ಎಂಬ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರಕೃತ ಲೇಖನದ ವಿಷಯ ಸುಲಭವಾಗಿ ತಿಳಿಯುವುದು.

ಈ ಗೆರೆಗಳನ್ನು ಸಡಿಲಗೊಳಿಸುವುದಕ್ಕಾಗಿ ಬಾಟ್ಯುಲಿನಮ್ ಎಂಬ ವಿಷವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚುವ ಚಿಕಿತ್ಸೆ ಇಂದು ಮಹಾನಗರಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಜನರು ಇದನ್ನು ಸಾಮಾನ್ಯವಾಗಿ ‘ಬೋಟಾಕ್ಸ್’ ಎಂಬ ವ್ಯಾಪಾರನಾಮದಿಂದಲೇ ಗುರುತಿಸುತ್ತಾರೆ. ಚುಚ್ಚಿಸಿಕೊಂಡವರಲ್ಲಿ ಬಹುಮಂದಿಗೆ ಗುಣ ಕಾಣುತ್ತದೆ, ಕೆಲವರಿಗೆ ಕಾಣುವುದಿಲ್ಲ. ಕಾಣದಿದ್ದಾಗ ಏಳುವ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡೇ: ‘ಔಷಧ ಸಾಲದು, ಇನ್ನಷ್ಟು ಹಾಕೋಣ’ ಎಂಬುದೊಂದು, ‘ನಿಮ್ಮ ಮೈಗೆ ಇದು ಒಗ್ಗುವುದಿಲ್ಲ’ ಎಂಬುದು ಇನ್ನೊಂದು. ಈ ಎರಡೂ ಉತ್ತರಗಳು ಅನೇಕ ವೇಳೆ ತಪ್ಪಾಗಿರುತ್ತವೆ. ಮೊದಲನೆಯ ಉತ್ತರವನ್ನು ವಿಚಾರಿಸದೆ ಅನುಸರಿಸುತ್ತ ಹೋದರೆ ಎರಡನೆಯದು ಮುಂದೆಂದೋ ನಿಜವಾಗಿಯೂಬಿಡಬಹುದು. ಆದುದರಿಂದ ಕಾರಣಗಳನ್ನು ಕ್ರಮವಾಗಿ ವಿಂಗಡಿಸಿ ನೋಡುವುದು ಅವಶ್ಯಕ.

ಔಷಧದ ಪೂರ್ವೋತ್ತರ

ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬುದು ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಾಣು. ಗಾಳಿಯಿಲ್ಲದ ಕಡೆ, ಮುಖ್ಯವಾಗಿ ಸರಿಯಾಗಿ ಸಂರಕ್ಷಿಸದ ಆಹಾರದಲ್ಲಿ, ಅದು ಬೆಳೆದು ಉಗ್ರವಾದ ವಿಷವನ್ನು ಉತ್ಪಾದಿಸುತ್ತದೆ. ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದಲ್ಲಿ ವೈದ್ಯನೂ ಕವಿಯೂ ಆಗಿದ್ದ ಯುಸ್ಟಿನಸ್ ಕೆರ್ನರ್ ಎಂಬಾತನು ೧೮೧೭ರಿಂದ ೧೮೨೨ರವರೆಗಿನ ಅವಧಿಯಲ್ಲಿ, ಕೆಟ್ಟ ಮಾಂಸದ ಸಾಸೇಜು ತಿಂದು ಪಾರ್ಶ್ವಗ್ರಸ್ತರಾದಂತೆ ನಿಶ್ಚೇಷ್ಟಿತರಾಗುತ್ತಿದ್ದ ಜನರ ಲಕ್ಷಣಗಳನ್ನು ವಿವರವಾಗಿ ದಾಖಲಿಸಿದನು. ಈ ವಿಷವನ್ನೇ ಕಿಂಚಿತ್ ಪ್ರಮಾಣದಲ್ಲಿ ಔಷಧವಾಗಿ ಬಳಸಬಹುದೆಂಬ ಊಹೆಯೂ ಅವನಿಗೆ ಹೊಳೆದಿತ್ತು. ೧೮೯೫ರಲ್ಲಿ ಬೆಲ್ಜಿಯಂ ದೇಶದ ಒಂದು ಹಳ್ಳಿಯಲ್ಲಿ ಹಂದಿಯ ಮಾಂಸ ತಿಂದ ವಾದ್ಯಗಾರರು ಅಸ್ವಸ್ಥರಾದಾಗ, ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಿಂದ ಈ ಸೂಕ್ಷ್ಮಾಣುವನ್ನು ಬೇರ್ಪಡಿಸಿದನು. ನರವು ಸ್ನಾಯುವಿಗೆ ಆಜ್ಞೆಯನ್ನು ತಲುಪಿಸಲು ಬಳಸುವ ಅಸೆಟೈಲ್‌ಕೋಲೀನ್ ಎಂಬ ರಸಾಯನದ ಬಿಡುಗಡೆಯನ್ನು ಈ ವಿಷ ತಡೆಯುವುದೆಂದು ೧೯೪೯ರಲ್ಲಿ ಇಂಗ್ಲೆಂಡಿನ ಸಂಶೋಧಕರು ತೋರಿಸಿಕೊಟ್ಟರು.

ಅಮೆರಿಕದ ನೇತ್ರವೈದ್ಯ ಆಲನ್ ಸ್ಕಾಟ್ ಅವರು ಮೆಳ್ಳೆಗಣ್ಣಿನ ಚಿಕಿತ್ಸೆಗೆ ಇದನ್ನು ಮನುಷ್ಯರಲ್ಲಿ ಬಳಸಿದ ಫಲಿತಾಂಶವನ್ನು ೧೯೮೦ರಲ್ಲಿ ಪ್ರಕಟಿಸಿದರು. ಕೆನಡಾದ ವ್ಯಾಂಕೂವರಿನಲ್ಲಿ ನೇತ್ರವೈದ್ಯೆ ಜೀನ್ ಕರುಥರ್ಸ್ ಅವರು ರೆಪ್ಪೆಗಳ ಸೆಳೆತಕ್ಕಾಗಿ ಈ ಮದ್ದನ್ನು ಚುಚ್ಚುತ್ತಿದ್ದಾಗ ಹುಬ್ಬುಗಂಟಿನ ಗೆರೆಗಳೂ ಮಾಯವಾಗುವುದನ್ನು ಗಮನಿಸಿದರು. ಅವರೂ ಚರ್ಮವೈದ್ಯರಾದ ಅವರ ಪತಿ ಆಲಸ್ಟೇರ್ ಕರುಥರ್ಸ್ ಅವರೂ ೧೯೯೨ರಲ್ಲಿ ಈ ವಿಷಯವನ್ನು ಪ್ರಕಟಪಡಿಸಿದರು. ೨೦೦೨ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಹುಬ್ಬುಗಂಟಿನ ಗೆರೆಗಳಿಗಾಗಿ ಇದರ ಬಳಕೆಯನ್ನು ಅಂಗೀಕರಿಸಿತು.

ಮದ್ದು ಕೆಲಸ ಮಾಡುವ ಬಗೆ ಹೀಗೆ. ಇದರ ಅಣುವಿನಲ್ಲಿ ಭಾರವಾದ ಸರಪಳಿ, ಹಗುರವಾದ ಸರಪಳಿ ಎಂಬ ಎರಡು ಭಾಗಗಳುಂಟು. ಭಾರವಾದ ಭಾಗ ನರದ ತುದಿಯನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುತ್ತದೆ; ಹಗುರವಾದ ಭಾಗ ಒಳಹೊಕ್ಕು ಸ್ನ್ಯಾಪ್-೨೫ ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಆ ಪ್ರೋಟೀನು ತುಂಡಾದರೆ ಅಸೆಟೈಲ್‌ಕೋಲೀನು ಹೊರಬೀಳಲಾರದು. ನರ ಆಜ್ಞೆಯನ್ನು ಕೊಟ್ಟರೂ ಸ್ನಾಯುವಿಗೆ ಅದು ತಲುಪುವುದಿಲ್ಲ. ಒಂದರಿಂದ ಮೂರು ದಿನಗಳಲ್ಲಿ ಪರಿಣಾಮ ತಲೆದೋರಿ, ಸುಮಾರು ಎರಡು ವಾರಗಳಲ್ಲಿ ಪೂರ್ಣವಾಗಿ, ಮೂರು ನಾಲ್ಕು ತಿಂಗಳಲ್ಲಿ ನರದ ತುದಿ ತನ್ನ ಶಕ್ತಿಯನ್ನು ಮರಳಿ ಪಡೆಯುತ್ತದೆ. ಚರ್ಮದ ಮೇಲೆ ಈ ಮದ್ದಿಗೆ ನೇರವಾದ ಕೆಲಸವಿಲ್ಲವೆಂಬುದನ್ನು ವಿದ್ಯಾರ್ಥಿಗಳು ಇಲ್ಲಿಯೇ ಗಮನಿಸಬೇಕು. ಅದು ಗಂಟನ್ನು ಬಿಚ್ಚುತ್ತದೆ, ಅಷ್ಟೆ.

ವೈಫಲ್ಯವೆಂದರೆ ಏನು?

ಯಾವುದನ್ನು ವೈಫಲ್ಯವೆಂದು ಕರೆಯಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಅಮೆರಿಕದ ಅಂಗೀಕಾರಕ್ಕೆ ಆಧಾರವಾದ ಪರೀಕ್ಷೆಗಳಲ್ಲಿ, ೩೦ನೆಯ ದಿನ ಬಲವಾಗಿ ಹುಬ್ಬುಗಂಟಿಕ್ಕಿಸಿ ನೋಡಿದಾಗ, ವೈದ್ಯರ ಎಣಿಕೆಯಂತೆ ನೂರರಲ್ಲಿ ೮೦ ಮಂದಿಯಲ್ಲಿ ಗೆರೆಗಳು ಇಲ್ಲವಾಗಿದ್ದುವು ಅಥವಾ ಅಲ್ಪವಾಗಿದ್ದುವು. ಬರಿಯ ಹುಸಿಮದ್ದನ್ನು ಪಡೆದವರಲ್ಲಿ ಈ ಸಂಖ್ಯೆ ನೂರಕ್ಕೆ ೩ ಮಾತ್ರ. ಮದ್ದಿನ ಶಕ್ತಿ ಇದರಿಂದ ನಿಸ್ಸಂದೇಹವಾಗಿ ಸಿದ್ಧವಾಗುತ್ತದೆ. ಆದರೆ ಅತ್ಯುತ್ತಮ ಪರಿಸ್ಥಿತಿಯಲ್ಲಿಯೂ ಐವರಲ್ಲಿ ಒಬ್ಬರು ಆ ಮಟ್ಟವನ್ನು ಮುಟ್ಟಲಿಲ್ಲವೆಂಬುದೂ ಅಷ್ಟೇ ಸತ್ಯ.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದು ಕಾಲದ್ದು. ಮೂರನೆಯ ದಿನ ಕನ್ನಡಿ ನೋಡಿ ನಿರಾಶರಾಗುವುದು ಅವಸರ. ಎರಡು ವಾರಗಳಿಗೆ ಮುಂಚೆ ಯಾವ ತೀರ್ಮಾನವೂ ಸಲ್ಲದು. ಎರಡನೆಯದು ನೆನಪಿನದು. ತನ್ನ ಮುಖ ಆರು ತಿಂಗಳ ಹಿಂದೆ ಹೇಗಿತ್ತೆಂಬುದನ್ನು ಯಾರೂ ನಿಷ್ಕೃಷ್ಟವಾಗಿ ನೆನಪಿಟ್ಟಿರುವುದಿಲ್ಲ. ಮೊದಲ ಸಲದ ಬದಲಾವಣೆ ಬೆರಗನ್ನುಂಟುಮಾಡುತ್ತದೆ. ಮೂರನೆಯ ಸಲ ಅದೇ ಬದಲಾವಣೆ ಸಾಧಾರಣವೆನಿಸುತ್ತದೆ. ಆದುದರಿಂದ ಚಿಕಿತ್ಸೆಗೆ ಮೊದಲು ಮುಖವನ್ನು ಸಹಜ ಸ್ಥಿತಿಯಲ್ಲಿಯೂ ಹುಬ್ಬುಗಂಟಿಕ್ಕಿದ ಸ್ಥಿತಿಯಲ್ಲಿಯೂ ಛಾಯಾಚಿತ್ರ ತೆಗೆದಿಟ್ಟು, ಆಮೇಲೆ ಅದೇ ಬೆಳಕಿನಲ್ಲಿ ತೆಗೆದ ಚಿತ್ರದೊಡನೆ ಹೋಲಿಸುವುದೇ ಸರಿಯಾದ ಕ್ರಮ.

ಮೊದಲನೆಯ ಕಾರಣ: ಗಂಟು ಬಿಚ್ಚಿದರೂ ಉಳಿಯುವ ಗೆರೆ

ಬೆಳಗಾವಿಯಿಂದ ಸುಮಾರು ೨೫ ಕಿಲೋಮೀಟರ್ ದೂರದಲ್ಲಿ, ಮಲಪ್ರಭೆಯ ದಡದ ಮೇಲಿರುವ ಖಾನಾಪುರ ತನ್ನ ಮಣ್ಣಿಗೂ ಹೆಂಚಿಗೂ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗಕ್ಕೆ ಸಂಬಂಧಿಸಿದ ಕುಂಬಾರಿಕೆಯ ತರಬೇತಿ ಸಂಸ್ಥೆ ಅಲ್ಲಿ ನೆಲಸಿರುವುದೂ ಈ ಮಣ್ಣಿನ ಕಾರಣದಿಂದಲೇ. ಕುಂಬಾರನು ಹಸಿ ಮಡಕೆಯ ಮೇಲೆ ಬೆರಳಿನಿಂದ ಗೆರೆ ಎಳೆದರೆ ಒದ್ದೆ ಕೈಯಿಂದ ಸವರಿ ಅದನ್ನು ಅಳಿಸಬಹುದು. ಅದೇ ಮಡಕೆ ಆವಿಗೆಯಲ್ಲಿ ಬೆಂದುಬಂದ ಮೇಲೆ ಆ ಗೆರೆ ಮಡಕೆಯ ಅಂಗವೇ ಆಗಿಬಿಡುತ್ತದೆ. ಹುಬ್ಬುಗಳ ನಡುವಣ ಗೆರೆಗಳಲ್ಲಿಯೂ ಇಂಥ ಎರಡು ಅವಸ್ಥೆಗಳುಂಟು.

ಹರೆಯದಲ್ಲಿ ಗೆರೆಯು ಹುಬ್ಬುಗಂಟಿಕ್ಕಿದಾಗ ಮಾತ್ರ ಮೂಡಿ, ಬಿಟ್ಟೊಡನೆ ಅಳಿದುಹೋಗುತ್ತದೆ. ಇದನ್ನು ಚಲನೆಯ ಗೆರೆ ಎನ್ನಬಹುದು. ವರ್ಷಗಟ್ಟಲೆ ಅದೇ ಜಾಗದಲ್ಲಿ ಚರ್ಮ ಮಡಿಚುತ್ತಿದ್ದು, ಮೇಲಿಂದ ಬಿಸಿಲಿನ ಕಿರಣಗಳು ಚರ್ಮದೊಳಗಿನ ಕೊಲಾಜನ್, ಎಲಾಸ್ಟಿನ್ ಎಂಬ ನಾರುಗಳನ್ನು ಶಿಥಿಲಗೊಳಿಸುತ್ತಿದ್ದರೆ, ಗೆರೆಯು ನಿದ್ರೆಯಲ್ಲಿಯೂ ಉಳಿಯತೊಡಗುತ್ತದೆ. ಇದು ನೆಲೆನಿಂತ ಗೆರೆ. ಬಯಲಿನಲ್ಲಿ ದುಡಿಯುವ ರೈತನನ್ನಾಗಲಿ, ಆವಿಗೆಯ ಬೆಂಕಿಯನ್ನು ಕಣ್ಣು ಕಿರಿದುಮಾಡಿ ನೋಡುತ್ತ ದುಡಿದ ಕುಂಬಾರನನ್ನಾಗಲಿ ಊಹಿಸಿಕೊಳ್ಳೋಣ. ಮೂವತ್ತು ವರ್ಷಗಳ ತರುವಾಯ ಅವನ ಹಣೆಯಲ್ಲಿ ಕೊರೆದಂತೆ ನಿಂತಿರುವ ಗೆರೆಗೆ ಮದ್ದು ಚುಚ್ಚಿದರೆ ಸ್ನಾಯು ಸಡಿಲವಾಗುವುದು, ಅವನು ಹುಬ್ಬುಗಂಟಿಕ್ಕಲಾರನು. ಆದರೆ ಗೆರೆ ಹಾಗೆಯೇ ಕಾಣುತ್ತಿರುವುದು. ಅವನ ದೃಷ್ಟಿಯಲ್ಲಿ ಚಿಕಿತ್ಸೆ ವಿಫಲ. ಶಾಸ್ತ್ರದ ದೃಷ್ಟಿಯಲ್ಲಿ ಮದ್ದು ತನ್ನ ಕೆಲಸವನ್ನು ಪೂರ್ಣವಾಗಿ ಮಾಡಿದೆ. ಅಂಥವರಿಗೆ ಪ್ರಮಾಣ ಹೆಚ್ಚಿಸುವುದರಿಂದ ಏನೂ ಲಾಭವಿಲ್ಲ. ಮಡಿಕೆ ಬೀಳದೆ ಕೆಲವು ಕಾಲ ಕಳೆದರೆ ಗೆರೆ ಸ್ವಲ್ಪ ತೆಳುವಾಗಬಹುದು. ಚರ್ಮದ ಬೇರೆ ಚಿಕಿತ್ಸೆಗಳು ಬೇಕಾಗಬಹುದು. ಪರೀಕ್ಷೆಗಳಲ್ಲಿ ೬೫ ವರ್ಷಕ್ಕೆ ಮೇಲ್ಪಟ್ಟವರಲ್ಲಿ ಫಲ ಕಡಮೆಯಾಗಿ ಕಂಡುಬಂದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ವೈದ್ಯರು ಇದನ್ನು ಮೊದಲೇ ತಿಳಿಯಲು ಉಪಕರಣ ಬೇಕಿಲ್ಲ. ಮುಖ ಸಹಜವಾಗಿರುವಾಗ ಗೆರೆ ಕಾಣುತ್ತದೆಯೆ, ಬೆರಳುಗಳಿಂದ ಚರ್ಮವನ್ನು ಅಗಲಿಸಿದಾಗ ಅಳಿಯುತ್ತದೆಯೆ ಎಂದು ನೋಡಿದರೆ ಸಾಕು. ಇದನ್ನು ಮುಂಚಿತವಾಗಿ ಹೇಳಿದರೆ ಅದು ತಿಳಿವಳಿಕೆ ಎನಿಸುವುದು. ಹಣ ಪಡೆದ ಮೇಲೆ ಹೇಳಿದರೆ ನೆವವೆನಿಸುವುದು.

ಎರಡನೆಯ ಕಾರಣ: ಮದ್ದು ಗಂಟಿಗೆ ತಲುಪದಿರುವುದು

ಮುಖದ ಸ್ನಾಯುಗಳು ಎಲುಬಿನಿಂದ ಹೊರಟು ಚರ್ಮದಲ್ಲಿ ಮುಗಿಯುತ್ತವೆ. ಹುಬ್ಬುಗಳನ್ನು ಒಳಕ್ಕೆಳೆದು ಲಂಬವಾದ ಗೆರೆಗಳನ್ನು ಮೂಡಿಸುವ ಕಾರುಗೇಟರ್ ಸ್ನಾಯು ಮೂಗಿನ ಬಳಿ ಆಳದಲ್ಲಿ ಎಲುಬಿಗೆ ಅಂಟಿಕೊಂಡಿದ್ದು, ಹೊರಕ್ಕೂ ಮೇಲಕ್ಕೂ ಸಾಗುತ್ತ ಹುಬ್ಬಿನ ನಡುಭಾಗದ ಮೇಲೆ ಚರ್ಮಕ್ಕೆ ಸೇರುತ್ತದೆ. ಮೂಗಿನ ಬುಡದಲ್ಲಿ ಅಡ್ಡಗೆರೆಯನ್ನು ಮೂಡಿಸುವ ಪ್ರೊಸೀರಸ್ ಸ್ನಾಯು ಇವೆರಡರ ನಡುವೆ ಇದೆ. ಆದಕಾರಣ ಸೂಜಿ ಒಳಬದಿಯಲ್ಲಿ ಆಳಕ್ಕೂ ಹೊರಬದಿಯಲ್ಲಿ ಮೇಲ್ಪದರಕ್ಕೂ ಹೋಗಬೇಕು. ಎಲ್ಲೆಡೆ ಒಂದೇ ಆಳಕ್ಕೆ ಚುಚ್ಚಿದರೆ ಸ್ನಾಯುವಿನ ಒಂದು ಭಾಗ ಮದ್ದಿಲ್ಲದೆ ಉಳಿಯುವುದು.

ಈ ಸ್ನಾಯುಗಳ ಉದ್ದ, ದಪ್ಪ, ಹರವು ಎಲ್ಲರಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಒಬ್ಬರ ಹುಬ್ಬುಗಳು ಬಾಣಗಳಂತೆ ಒಂದನ್ನೊಂದು ಸಮೀಪಿಸಿದರೆ, ಇನ್ನೊಬ್ಬರವು ಕೆಳಕ್ಕಿಳಿಯುತ್ತವೆ. ಕೆಲವರಲ್ಲಿ ಕಣ್ಣಿನ ಸುತ್ತಣ ಸ್ನಾಯುವೂ ಕೈಗೂಡಿಸುತ್ತದೆ. ಐದು ಬಿಂದುಗಳು, ಬಿಂದುವಿಗೆ ೪ ಯೂನಿಟ್ಟು, ಒಟ್ಟು ೨೦ ಯೂನಿಟ್ಟು ಎಂಬ ಅಂಗೀಕೃತ ಕ್ರಮ ಸರಾಸರಿಯ ಮುಖಕ್ಕಾಗಿ ರಚಿತವಾದುದು. ಗಂಡಸರಲ್ಲಿ ಸ್ನಾಯುರಾಶಿ ಸಾಮಾನ್ಯವಾಗಿ ದೊಡ್ಡದಾದ ಕಾರಣ ಅಷ್ಟೇ ಪ್ರಮಾಣ ಅವರಿಗೆ ಅನೇಕ ವೇಳೆ ಸಾಲದು. ಒಂದು ಪಕ್ಕದ ಗೆರೆ ಹೋಗಿ ಇನ್ನೊಂದು ಪಕ್ಕದ್ದು ಉಳಿದರೆ, ಇಲ್ಲವೆ ಲಂಬರೇಖೆ ಹೋಗಿ ಅಡ್ಡರೇಖೆ ಉಳಿದರೆ, ಅದು ಈ ಬಗೆಯ ದೋಷದ ಸೂಚನೆಯೆಂದು ತಿಳಿಯಬೇಕು. ಮದ್ದು ಒಂದು ಕಡೆ ಫಲಿಸಿದೆಯೆಂದ ಮೇಲೆ ಮದ್ದಾಗಲಿ ಮೈಯಾಗಲಿ ಕೆಟ್ಟಿಲ್ಲವೆಂಬುದು ತರ್ಕಸಿದ್ಧ.

ಹಾಗಾದರೆ ಧಾರಾಳವಾಗಿ ಚುಚ್ಚಬಾರದೇಕೆ? ಮದ್ದು ಕೆಳಕ್ಕೆ ಹರಡಿ ರೆಪ್ಪೆಯನ್ನೆತ್ತುವ ಸ್ನಾಯುವನ್ನು ಮುಟ್ಟಿದರೆ ರೆಪ್ಪೆ ಜೋತುಬೀಳುವುದು. ಹಿಂದೆ ಹೇಳಿದ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು ೩ ಮಂದಿಯಲ್ಲಿ ಇದು ಕಂಡುಬಂದಿತು. ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುವುದಾದರೂ ಅಷ್ಟರವರೆಗೆ ಅದು ಮೊದಲಿನ ಗೆರೆಗಿಂತ ಹೆಚ್ಚಿನ ತೊಂದರೆ.

ಮೂರನೆಯ ಕಾರಣ: ಸೀಸೆಯಲ್ಲಿಯೇ ಸತ್ವ ಕುಂದಿರುವುದು

ಬೆಳಗಾವಿಯ ಟಿಳಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೋ’ ಎಂದು ಹೆಸರಾದ, ಮರಗಳಿಂದ ತುಂಬಿದ ವಿಶಾಲವಾದ ಆವರಣ ಇದೆ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಸಿಡುಬಿನ ಲಸಿಕೆಯನ್ನು ತಯಾರಿಸುತ್ತಿದ್ದ ಸಂಸ್ಥೆಯಿಂದ ಅದಕ್ಕೆ ಆ ಹೆಸರು ಬಂದಿತು. ಸಿಡುಬು ಭೂಮಿಯಿಂದಲೇ ತೊಲಗಿತೆಂದು ೧೯೮೦ರಲ್ಲಿ ಘೋಷಿತವಾಯಿತು. ಆ ಲಸಿಕೆಯ ಇತಿಹಾಸ ಕಲಿಸುವ ಒಂದು ಪಾಠ ಮಾತ್ರ ನಮ್ಮ ವಿಷಯಕ್ಕೆ ಇಂದಿಗೂ ಸಲ್ಲುತ್ತದೆ. ಲಸಿಕೆ ಹಾಕಿದ ತೋಳಿನ ಮೇಲೆ ಗುಳ್ಳೆ ಏಳದಿದ್ದರೆ ಮೂರು ಊಹೆಗಳಿಗೆ ಅವಕಾಶವಿತ್ತು: ಲಸಿಕೆ ಸೆಕೆಯಲ್ಲಿ ಸತ್ವಗೆಟ್ಟಿರಬಹುದು, ಹಾಕಿದ ಕೈ ತಪ್ಪಿರಬಹುದು, ಇಲ್ಲವೆ ಆ ಮನುಷ್ಯನ ಮೈಯಲ್ಲಿ ಮೊದಲೇ ರೋಗನಿರೋಧಕ ಶಕ್ತಿ ಇರಬಹುದು. ಮೊದಲೆರಡನ್ನು ತಳ್ಳಿಹಾಕದೆ ಮೂರನೆಯದನ್ನು ನಂಬಿದರೆ, ರಕ್ಷಣೆಯಿಲ್ಲದವನನ್ನು ರಕ್ಷಿತನೆಂದು ಎಣಿಸಿದಂತಾಗುತ್ತಿತ್ತು. ಆದುದರಿಂದಲೇ ಸತ್ವವುಳ್ಳ ಲಸಿಕೆಯನ್ನು ಮತ್ತೆ ಹಾಕಿ ನೋಡಬೇಕೆಂಬ ನಿಯಮ ಬಂದಿತು.

ಬಾಟ್ಯುಲಿನಮ್ ಮದ್ದಿಗೂ ಇದೇ ವಿಚಾರಕ್ರಮ ಒಪ್ಪುತ್ತದೆ. ಅದರ ಹೆಚ್ಚಿನ ತಯಾರಿಕೆಗಳನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡಬೇಕು. ಒಣಪುಡಿಯಾಗಿರುವ ಮದ್ದನ್ನು ಲವಣಜಲದಲ್ಲಿ ಕರಗಿಸಿದ ಮೇಲೆ, ತಯಾರಕರ ಸೂಚನೆಯಂತೆ, ತಂಪಿನಲ್ಲಿಟ್ಟು ೨೪ ಗಂಟೆಗಳೊಳಗೆ ಬಳಸಬೇಕು. ಕಾರ್ಖಾನೆಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ನಗರದ ಚಿಕಿತ್ಸಾಲಯಕ್ಕೆ, ಅಲ್ಲಿಂದ ತಾಲ್ಲೂಕು ಕೇಂದ್ರಕ್ಕೆ ಸಾಗುವಾಗ ಈ ಶೈತ್ಯದ ಸರಪಳಿಯ ಒಂದು ಕೊಂಡಿ ಕಳಚಿದರೂ ಸೀಸೆಯ ಹೊರನೋಟದಿಂದ ಅದು ತಿಳಿಯುವುದಿಲ್ಲ. ವಿದ್ಯುತ್ತು ನಿಂತ ರಾತ್ರಿಯ ಸಂಗತಿಯನ್ನು ಸೀಸೆ ಹೇಳಲಾರದು.

ಕರಗಿಸುವ ಲೆಕ್ಕದಲ್ಲಿಯೂ ತಪ್ಪಿಗೆ ಎಡೆಯುಂಟು. ೧೦೦ ಯೂನಿಟ್ಟಿನ ಸೀಸೆಗೆ ೨.೫ ಮಿಲಿಲೀಟರ್ ಲವಣಜಲ ಬೆರಸಿದರೆ ೦.೧ ಮಿಲಿಲೀಟರಿನಲ್ಲಿ ೪ ಯೂನಿಟ್ಟು ಇರುವುದು. ಅದೇ ಸೀಸೆಗೆ ೫ ಮಿಲಿಲೀಟರ್ ಬೆರಸಿ ಅಷ್ಟೇ ದ್ರವವನ್ನು ಚುಚ್ಚಿದರೆ ಮದ್ದು ಅರ್ಧಕ್ಕಿಳಿಯಿತು. ಇದಲ್ಲದೆ, ‘ಯೂನಿಟ್ಟು’ ಎಂಬುದು ಗ್ರಾಂ ಮಿಲಿಗ್ರಾಂಗಳಂತೆ ಸಾರ್ವತ್ರಿಕವಾದ ಮಾನವಲ್ಲ. ಇದು ಜೀವಿಗಳ ಮೇಲಣ ಪರಿಣಾಮದಿಂದ ನಿರ್ಣಯಿಸಿದ ಮಾನವಾದುದರಿಂದ ಪ್ರತಿಯೊಂದು ತಯಾರಿಕೆಗೂ ಅದರದೇ ಅಳತೆ. ಬೋಟಾಕ್ಸಿನ ೨೦ ಯೂನಿಟ್ಟು ಬೇಕಾದ ಕಡೆ ಡಿಸ್‌ಪೋರ್ಟ್ ಎಂಬ ತಯಾರಿಕೆಯ ೫೦ ಯೂನಿಟ್ಟು ಅಂಗೀಕೃತ ಪ್ರಮಾಣ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ ಫಲ ಕುಂದುವುದು, ಇಲ್ಲವೆ ಅಪಾಯ ಹೆಚ್ಚುವುದು.

ಕಡಮೆ ಬೆಲೆಯ ಆಸೆಯಿಂದ ಕೃತಕ ಸೀಸೆಗಳನ್ನು ಕೊಳ್ಳುವುದು ಎಲ್ಲಕ್ಕಿಂತ ಭಯಂಕರ. ಅವುಗಳಲ್ಲಿ ಮದ್ದೇ ಇಲ್ಲದಿರಬಹುದು, ಅಥವಾ ಅಳತೆ ಮೀರಿದ ವಿಷವಿರಬಹುದು. ೨೦೨೪ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಕೃತಕ ಮದ್ದನ್ನಾಗಲಿ ಅನರ್ಹರ ಕೈಯಿಂದಾಗಲಿ ಚುಚ್ಚಿಸಿಕೊಂಡವರು ದೃಷ್ಟಿ ಮಸುಕಾಗಿ, ನುಂಗುವುದಕ್ಕೂ ಉಸಿರಾಡುವುದಕ್ಕೂ ಕಷ್ಟವಾಗಿ ಆಸ್ಪತ್ರೆ ಸೇರಿದರು.

ನಾಲ್ಕನೆಯ ಕಾರಣ: ಮೈಯೇ ಮದ್ದನ್ನು ತಡೆಯುವುದು

ಬಾಟ್ಯುಲಿನಮ್ ಮದ್ದು ಪರಜೀವಿಯಿಂದ ಬಂದ ಪ್ರೋಟೀನು. ಶರೀರವು ಅದನ್ನು ಅನ್ಯವೆಂದು ಗುರುತಿಸಿ ಪ್ರತಿಕಾಯಗಳನ್ನು ರಚಿಸಬಲ್ಲುದು. ಅವು ಮದ್ದನ್ನು ನರದ ತುದಿಗೆ ಅಂಟದಂತೆ ತಡೆದರೆ ಎಷ್ಟು ಚುಚ್ಚಿದರೂ ವ್ಯರ್ಥ. ಮೊದಲ ಸಲವೇ ಫಲ ಕಾಣದಿರುವುದನ್ನು ಪ್ರಾಥಮಿಕ ವೈಫಲ್ಯವೆಂದೂ, ಹಲವು ಸಲ ಫಲ ಕಂಡು ಆಮೇಲೆ ಕಾಣದಾಗುವುದನ್ನು ದ್ವಿತೀಯಕ ವೈಫಲ್ಯವೆಂದೂ ಕರೆಯುತ್ತಾರೆ. ಪ್ರತಿಕಾಯಗಳ ಸಂದೇಹ ಮುಖ್ಯವಾಗಿ ಎರಡನೆಯದರಲ್ಲಿ ಬರತಕ್ಕದ್ದು. ಹುಬ್ಬುಗಂಟಿನ ಚಿಕಿತ್ಸೆಯಲ್ಲಿ ಇದು ನೂರಕ್ಕೆ ಒಬ್ಬರಿಗಿಂತಲೂ ಕಡಮೆ ಜನರಲ್ಲಿ ಕಂಡುಬರುತ್ತದೆ. ಬೋಟಾಕ್ಸಿನ ೧೦೦ ಯೂನಿಟ್ಟಿನಲ್ಲಿ ಮೊದಲು ಸುಮಾರು ೨೫ ನ್ಯಾನೊಗ್ರಾಂ ಪ್ರೋಟೀನು ಇರುತ್ತಿತ್ತು. ೧೯೯೦ರ ದಶಕದ ಕೊನೆಯಲ್ಲಿ ಅದು ಸುಮಾರು ೫ ನ್ಯಾನೊಗ್ರಾಮಿಗೆ ಇಳಿಯಿತು. ಅಂದಿನಿಂದ ಪ್ರತಿಕಾಯಗಳ ಸಂಭವವೂ ಇಳಿದಿದೆ.

ಸಂದೇಹ ಬಂದಾಗ ಪರೀಕ್ಷಿಸುವ ಉಪಾಯ ಸರಳವಾದುದು. ಹಣೆಯ ಒಂದು ಪಕ್ಕದಲ್ಲಿ ಮಾತ್ರ ತಿಳಿದ ಪ್ರಮಾಣದ, ಸತ್ವವುಳ್ಳ ಮದ್ದನ್ನು ಚುಚ್ಚಿ ಎರಡು ವಾರ ಕಾಯುವುದು. ಆಮೇಲೆ ಹುಬ್ಬೇರಿಸಲು ಹೇಳುವುದು. ಚುಚ್ಚಿದ ಪಕ್ಕ ನಿಶ್ಚಲವಾಗಿದ್ದರೆ ಮೈ ಮದ್ದನ್ನು ಒಪ್ಪಿಕೊಂಡಿದೆ. ಹಿಂದಿನ ವೈಫಲ್ಯಕ್ಕೆ ಬೇರೆ ಕಾರಣವನ್ನು ಹುಡುಕಬೇಕು. ಎರಡು ಪಕ್ಕಗಳೂ ಸಮನಾಗಿ ಏರಿದರೆ ಪ್ರತಿಕಾಯಗಳ ಊಹೆಗೆ ಬಲ ಬರುವುದು.

ಅವಸರದ ಬೆಲೆ

ದೊಡ್ಡ ಪ್ರಮಾಣ, ಮೇಲಿಂದ ಮೇಲೆ ಚುಚ್ಚುವುದು, ಮೊದಲ ಸಲದ್ದು ಸಾಲದೆಂದು ಎರಡು ಮೂರು ವಾರಗಳಲ್ಲಿಯೇ ಮತ್ತೆ ಹಾಕುವುದು, ಇವು ಪ್ರತಿಕಾಯಗಳನ್ನು ಪ್ರೇರಿಸುವ ಮುಖ್ಯ ಸಂದರ್ಭಗಳು. ಮೂರು ತಿಂಗಳಿಗಿಂತ ಬೇಗ ಮರಳಿ ಚುಚ್ಚಬಾರದೆಂಬ ನಿಯಮದ ಹಿಂದೆ ಇಂಥ ಎಚ್ಚರವಿದೆ. ಮೊದಲ ಮೂರು ಕಾರಣಗಳಿಂದಾದ ವೈಫಲ್ಯವನ್ನು ವಿಚಾರಿಸದೆ ‘ಇನ್ನಷ್ಟು’ ಎಂದು ಸಾಗಿದವರು ನಾಲ್ಕನೆಯ ಕಾರಣವನ್ನು ತಾವೇ ಆಹ್ವಾನಿಸಿಕೊಳ್ಳುತ್ತಾರೆ.

ಇದರ ನಷ್ಟ ಹಣೆಯ ಗೆರೆಗೆ ಮಾತ್ರ ಸೇರಿದ್ದಲ್ಲ. ಕಣ್ಣು ತೆರೆಯಲಾಗದಂತೆ ಮಾಡುವ ರೆಪ್ಪೆಗಳ ಸೆಳೆತ, ಕುತ್ತಿಗೆ ತಿರುಚಿಕೊಳ್ಳುವ ರೋಗ, ಪಾರ್ಶ್ವವಾಯುವಿನ ತರುವಾಯ ಕೈಕಾಲು ಬಿಗಿದುಕೊಳ್ಳುವುದು ಮೊದಲಾದವುಗಳಲ್ಲಿ ಇದೇ ಮದ್ದು ರೋಗಿಯ ಬಾಳನ್ನು ಹಗುರಗೊಳಿಸುತ್ತದೆ. ಮೂವತ್ತನೆಯ ವಯಸ್ಸಿನಲ್ಲಿ ಗೆರೆಗಾಗಿ ಪ್ರತಿಕಾಯಗಳನ್ನು ಸಂಪಾದಿಸಿಕೊಂಡವರಿಗೆ ಅರುವತ್ತನೆಯ ವಯಸ್ಸಿನಲ್ಲಿ ಮುಷ್ಟಿ ಬಿಚ್ಚಲಾಗದ ಸ್ಥಿತಿ ಬಂದರೆ, ಆಗ ಬೇಕಾದ ಮದ್ದು ಕೈಗೆ ಎಟುಕದೆಹೋಗಬಹುದು. ಇಂಥವರು ವಿರಳವೆಂಬುದು ನಿಜ. ಆದರೆ ಸಂಖ್ಯೆ ವಿರಳವೆಂಬ ಸಮಾಧಾನ ಆ ಒಬ್ಬರಿಗೆ ಉಪಯೋಗಕ್ಕೆ ಬರುವುದಿಲ್ಲ.

ಖಾನಾಪುರದಿಂದ ಬೆಳಗಾವಿಗೆ ಹೋಗಿ ಈ ಚಿಕಿತ್ಸೆ ಪಡೆಯುವವರು ಕೆಲವು ಸಂಗತಿಗಳನ್ನು ಬರೆಸಿಕೊಂಡು ಬರುವುದು ಹಿತ: ಮದ್ದಿನ ಹೆಸರು, ಸೀಸೆಯ ಮೇಲಣ ತಂಡಸಂಖ್ಯೆ, ಬೆರಸಿದ ಲವಣಜಲದ ಅಳತೆ, ಚುಚ್ಚಿದ ಬಿಂದುಗಳು, ಒಟ್ಟು ಯೂನಿಟ್ಟು, ತಾರೀಖು. ಇವಿಷ್ಟು ಇದ್ದರೆ ಫಲ ಕಾಣದಿದ್ದಾಗ ಯಾವ ವೈದ್ಯರಾದರೂ ಕಾರಣವನ್ನು ಅರಸಬಲ್ಲರು. ಇಲ್ಲದಿದ್ದರೆ ಊಹೆಯೇ ಗತಿ. ಗರ್ಭಿಣಿಯರೂ, ಮಯಸ್ತೇನಿಯಾದಂಥ ಸ್ನಾಯುದೌರ್ಬಲ್ಯದ ರೋಗವುಳ್ಳವರೂ ಅದನ್ನು ಮೊದಲೇ ತಿಳಿಸಬೇಕು. ಕಣ್ಣು ಕಿರಿದುಮಾಡಿ ನೋಡುವ ಅಭ್ಯಾಸವಿದ್ದರೆ ದೃಷ್ಟಿಪರೀಕ್ಷೆ ಮಾಡಿಸಿ ಕನ್ನಡಕ ಧರಿಸುವುದೂ, ಬಿಸಿಲಿನಲ್ಲಿ ದುಡಿಯುವವರು ತಲೆಗೆ ನೆರಳು ಮಾಡಿಕೊಳ್ಳುವುದೂ ಚಲನೆಯ ಗೆರೆ ನೆಲೆನಿಲ್ಲುವುದನ್ನು ತಡಮಾಡುವ, ಅಲ್ಪ ವೆಚ್ಚದ ಉಪಾಯಗಳು.

ಮೇಲೆ ಹೇಳಿದುದನ್ನು ಹೀಗೆ ಕ್ರೋಡೀಕರಿಸಬಹುದು. ಫಲ ಕಾಣಲಿಲ್ಲವೆಂದಾಗ ಎರಡು ವಾರಗಳು ಕಳೆದಿವೆಯೆ ಎಂದು ಮೊದಲು ಕೇಳಬೇಕು. ಆಮೇಲೆ ಹುಬ್ಬುಗಂಟಿಕ್ಕಿಸಿ ನೋಡಬೇಕು. ಸ್ನಾಯು ಅಲುಗದೆ ಗೆರೆ ಉಳಿದಿದ್ದರೆ ದೋಷ ಚರ್ಮದ್ದು; ಸ್ನಾಯುವಿನ ಒಂದು ಭಾಗ ಮಾತ್ರ ಅಲುಗಿದರೆ ಚುಚ್ಚಿದ ಜಾಗದ್ದು ಇಲ್ಲವೆ ಪ್ರಮಾಣದ್ದು; ಎಲ್ಲವೂ ಮೊದಲಿನಂತೆಯೇ ಅಲುಗಿದರೆ ಸೀಸೆಯನ್ನು ಸಂದೇಹಿಸಬೇಕು. ಸೀಸೆ ಸರಿಯಿದೆಯೆಂದು ದೃಢವಾದ ಮೇಲೆಯೇ ಮೈಯನ್ನು ಸಂದೇಹಿಸತಕ್ಕದ್ದು. ಈ ಕ್ರಮದಲ್ಲಿ ‘ಇನ್ನಷ್ಟು ಮದ್ದು’ ಎಂಬುದು ಒಂದೇ ಒಂದು ಸಂದರ್ಭಕ್ಕೆ ಸರಿಯಾದ ಉತ್ತರವಾಗುವುದು, ಅದೂ ಮೂರು ತಿಂಗಳು ತುಂಬಿದ ಮೇಲೆ.